ಕೈ ಯಾರ ಪಾಲಿನದು?

ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಎಸ್‌ಗೆ ಮೂರು ವರ್ಷ, ನಡುವೆ ಪ್ರವೇಶ ಪರೀಕ್ಷೆಗಳಿಗೆಂದು ಕಳೆದ ಕಾಲ ಬೇರೆ. ಇಷ್ಟೆಲ್ಲ ಮುಗಿಸಿ ಸರ್ಜನ್ ಎಂದು ಬೋರ್ಡು ಹಾಕಿಕೊಳ್ಳಲು ಅರ್ಹರಾದ, ಮೂವತ್ತು ದಾಟಿದ ಡಾಕ್ಟರೊಬ್ಬರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೋಳಿಯ ತೊಡೆಯೊಳಗಿನ ರಕ್ತನಾಳಕ್ಕೆ ಹೊಲಿಗೆ ಹಾಕುತ್ತಿರುತ್ತಾರೆ. ನಾಳದ ಅಗಲ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ದಾರ ತಲೆಗೂದಲಿಗಿಂತ ತೆಳು. ಮೊದಮೊದಲು ಕೈ ನಡುಗುತ್ತದೆ, ಗಂಟು ಜಾರುತ್ತದೆ, ಈಚೆಗೋಡೆಗೆ ಹಾಕಿದ ಹೊಲಿಗೆ ಆಚೆಗೋಡೆಯನ್ನೂ ಸೇರಿಸಿಕೊಂಡು ನಾಳವೇ ಮುಚ್ಚಿಹೋಗುತ್ತದೆ. ಬಿಚ್ಚಿ ಮತ್ತೆ ಹಾಕಬೇಕು. ಕೈ ಶಸ್ತ್ರಚಿಕಿತ್ಸೆಯ ಫೆಲೋಶಿಪ್‌ಗೆ ಸೇರಿದವರು ಹೀಗೆ ಮತ್ತೆ ಒಂದನೇ ಕ್ಲಾಸಿನಿಂದ ಶುರುಮಾಡುತ್ತಾರೆ.

ಕಲಿತದ್ದು ಸಾಲದೇ ಎಂದರೆ, ಕೈಯ ಮಟ್ಟಿಗೆ ಸಾಲದು. ಅದಕ್ಕೆ ಕಾರಣ ಕೈಯ ರಚನೆಯಲ್ಲೇ ಇದೆ. ಬೆರಳಿನ ಬುಡದಲ್ಲಿ ಒಂದಂಗುಲ ಜಾಗದೊಳಗೆ ಮೂಳೆ, ಕೀಲು, ಬೆರಳು ಮಡಚುವ ಎರಡು ಸ್ನಾಯುರಜ್ಜು, ಎರಡು ನರ, ಎರಡು ರಕ್ತನಾಳ ಒತ್ತೊತ್ತಾಗಿ ಕೂತಿವೆ. ಆಸ್ಪತ್ರೆಯ ಲೆಕ್ಕದಲ್ಲಿ ಮೂಳೆ ಒಬ್ಬರ ಪಾಲು, ಚರ್ಮ ಇನ್ನೊಬ್ಬರದು, ನರ ಮತ್ತೊಬ್ಬರದು. ಮೂಳೆಯವರು ಮೂಳೆ ಕೂಡಲಿ ಎಂದು ಬೆರಳನ್ನು ಅಲುಗಾಡದಂತೆ ವಾರಗಟ್ಟಲೆ ಕಟ್ಟಿಟ್ಟರೆ, ಪಕ್ಕದ ಸ್ನಾಯುರಜ್ಜು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಎಕ್ಸ್-ರೇ ಚೆನ್ನಾಗಿ ಬರುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ಪಾಲು ಹಂಚಿಕೊಂಡವರೆಲ್ಲ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡಿದರೂ ಕೈ ಕೆಡುತ್ತದೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಇದು ತಲೆನೋವಾಯಿತು. ಗಾಯಾಳುಗಳನ್ನು ಬದುಕಿಸಿ ಊರಿಗೆ ಕಳಿಸುವ ವ್ಯವಸ್ಥೆ ಸುಧಾರಿಸಿತ್ತು. ಬದುಕಿ ಬಂದವರ ಕೈಗಳು ಮಾತ್ರ ಮರಗಟ್ಟಿದ್ದವು. ಸೇನೆಯ ವೈದ್ಯಕೀಯ ಮುಖ್ಯಸ್ಥ ನಾರ್ಮನ್ ಕರ್ಕ್ ಸ್ವತಃ ಮೂಳೆ ಸರ್ಜನ್. 1944ರಲ್ಲಿ ಅವರು ಸ್ಯಾನ್‌ಫ್ರಾನ್ಸಿಸ್ಕೋದ ಸ್ಟರ್ಲಿಂಗ್ ಬನೆಲ್ ಎಂಬ ಸರ್ಜನ್‌ನನ್ನು ಸಲಹೆಗಾರನಾಗಿ ಕರೆಸಿಕೊಂಡರು. ಬನೆಲ್‌ಗೆ ಆಗ ಅರವತ್ತೆರಡು. ಅದೇ ವರ್ಷ ಅವರ ‘ಸರ್ಜರಿ ಆಫ್ ದ ಹ್ಯಾಂಡ್’ ಪುಸ್ತಕ ಹೊರಬಂದಿತ್ತು. ಕೈಯೊಳಗಿನ ಎಲ್ಲ ಅಂಗಾಂಶಗಳನ್ನೂ ಒಬ್ಬನೇ ಸರ್ಜನ್ ನೋಡಿಕೊಳ್ಳಬೇಕು, ಮೂಳೆಯವರಿಗೆ ಚರ್ಮ ಕಸಿ ಗೊತ್ತಿರಬೇಕು, ಚರ್ಮದವರಿಗೆ ಮೂಳೆ ಗೊತ್ತಿರಬೇಕು ಎಂಬುದು ಅವರ ಹಟ. ಕೈ ಗಾಯದ ಸೈನಿಕರನ್ನು ಆಯ್ದ ಕೆಲವು ಸೇನಾ ಆಸ್ಪತ್ರೆಗಳಿಗೇ ಕಳಿಸುವ ಏರ್ಪಾಡಾಯಿತು. ಬನೆಲ್ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸುತ್ತುತ್ತ, ಅಲ್ಲಿನ ಯುವ ಸರ್ಜನ್ನರಿಗೆ ಟೇಬಲ್ಲಿನ ಪಕ್ಕ ನಿಂತೇ ಪಾಠ ಮಾಡಿದರು. ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ, ಚಿಕಾಗೋದಲ್ಲಿ ಕೈ ಶಸ್ತ್ರಚಿಕಿತ್ಸಕರ ಸಂಘ ಹುಟ್ಟಿದಾಗ ಬನೆಲ್ ಮೊದಲ ಅಧ್ಯಕ್ಷರು. ಇಂದಿನ ಫೆಲೋಶಿಪ್‌ಗೆ ಮೂಲ ಹುಡುಕುವವರು ಯಾವುದೋ ವಿಶ್ವವಿದ್ಯಾಲಯದ ನಿರ್ಣಯವನ್ನಲ್ಲ, ಈ ಸೇನಾ ವಾರ್ಡುಗಳನ್ನು ನೋಡಬೇಕು.

ಗುರುವಿನ ಪಕ್ಕದಲ್ಲಿ ನಿಂತು ಕಲಿಯುವ ಪದ್ಧತಿ ಅದಕ್ಕೂ ಹಳೆಯದು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆಯಿತು. ಅಲ್ಲಿನ ವಿಲಿಯಂ ಹಾಲ್‌ಸ್ಟೆಡ್ ಜರ್ಮನಿಯಲ್ಲಿ ಕಂಡದ್ದನ್ನು ಅಳವಡಿಸಿಕೊಂಡು ರೆಸಿಡೆನ್ಸಿ ಎಂಬ ವ್ಯವಸ್ಥೆ ಕಟ್ಟಿದರು. ಕಲಿಯುವವರು ಆಸ್ಪತ್ರೆಯಲ್ಲೇ ವಾಸಿಸಬೇಕು, ವರ್ಷ ಕಳೆದಂತೆ ಜವಾಬ್ದಾರಿ ಹೆಚ್ಚಬೇಕು, ಹಲವರು ಹತ್ತಿದ ಏಣಿಯ ತುದಿಯಲ್ಲಿ ಕೊನೆಗೆ ಒಬ್ಬನೇ ಉಳಿಯಬೇಕು. ಹೀಗೆ ಶಿಷ್ಯರಿಂದ ಎಡೆಬಿಡದ ದುಡಿಮೆ ಬಯಸಿದ ಈ ಮನುಷ್ಯ ಅರಿವಳಿಕೆಯ ಪ್ರಯೋಗವೆಂದು ಕೊಕೇನನ್ನು ತನ್ನ ಮೇಲೇ ಚುಚ್ಚಿಕೊಂಡು ಚಟಕ್ಕೆ ಬಿದ್ದಿದ್ದರು ಎಂಬುದನ್ನು ವೈದ್ಯಕೀಯ ಚರಿತ್ರೆಕಾರರು ಮರೆಯುವುದಿಲ್ಲ. ಅಮೆರಿಕದಲ್ಲಿ ತರಬೇತಿಯ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಬಂದದ್ದು 2003ರಲ್ಲಿ. ಹಾಲ್‌ಸ್ಟೆಡ್‌ನ ನೆರಳು ಅಷ್ಟು ಉದ್ದಕ್ಕೆ ಚಾಚಿತ್ತು.

ನಮ್ಮ ಪಕ್ಕದ ವೆಲ್ಲೂರಿನಲ್ಲಿ ಇದೇ ವಿದ್ಯೆ ಬೇರೆ ದಾರಿಯಿಂದ ಬಂತು. ಪಾಲ್ ಬ್ರಾಂಡ್ ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ, 1946ರಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಬೆರಳು ಮುದುಡಿ ಹಕ್ಕಿಯ ಪಂಜದಂತೆ ಬಾಗಿದ ಕೈಗಳನ್ನು ಕಂಡರು. ಮೂಳೆ ಸರ್ಜನ್ನರು ಯಾರೂ ಇದನ್ನು ಅಧ್ಯಯನ ಮಾಡಿಲ್ಲವೇ ಎಂದು ಕೇಳಿದರೆ, ಇಲ್ಲವೆಂಬ ಉತ್ತರ ಬಂತು. ಒಬ್ಬ ರೋಗಿಯ ಕೈಗೆ ತಮ್ಮ ಕೈ ಕೊಟ್ಟು ಹಿಸುಕಲು ಹೇಳಿದರು. ನೋವಿನಿಂದ ಚೀರುವಷ್ಟು ಬಿಗಿ ಹಿಡಿತ! ಹಾಗಾದರೆ ಎಲ್ಲ ಸ್ನಾಯುಗಳೂ ಸತ್ತಿಲ್ಲ. ಬದುಕಿರುವ ಸ್ನಾಯುವಿನ ರಜ್ಜುವನ್ನು ತಂದು ಸೋತದ್ದರ ಕೆಲಸಕ್ಕೆ ಹಚ್ಚಬಹುದು ಎಂಬ ಯೋಚನೆ ಅಲ್ಲಿಂದ ಬೆಳೆಯಿತು. ಕುಷ್ಠದಲ್ಲಿ ಬೆರಳು ಕೊಳೆತು ಉದುರುವುದಿಲ್ಲ. ಸ್ಪರ್ಶವಿಲ್ಲದ ಕಾರಣ ಸುಟ್ಟುಕೊಂಡು, ಕೊಯ್ದುಕೊಂಡು, ಗಾಯವಾದದ್ದೇ ತಿಳಿಯದೆ ಸವೆಯುತ್ತದೆ ಎಂಬುದನ್ನೂ ಬ್ರಾಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕಲಿಯಲೆಂದು ದೇಶವಿದೇಶದ ಸರ್ಜನ್ನರು ವೆಲ್ಲೂರಿಗೆ ಬಂದರು.

ಇಲ್ಲಿ ಮೇರಿ ವರ್ಗೀಸ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಈ ಯುವ ವೈದ್ಯೆಗೆ ನಿಂತು ಮಾಡುವ ಆಪರೇಷನ್‌ಗಳು ಮುಗಿದ ಕತೆಯಾಗಿದ್ದವು. ಕೈಯ ಆಪರೇಷನ್ನನ್ನು ಕೂತೇ ಮಾಡಬಹುದಲ್ಲ! ಬ್ರಾಂಡ್ ಅವರ ಮಾರ್ಗದರ್ಶನದಲ್ಲಿ ಅವರು ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಕಟ್ಟಿದವರೂ ಅವರೇ. ಆಪರೇಷನ್ನಿನ ನಂತರ ರೋಗಿಗೆ ಹೊಸದಾಗಿ ಬೆರಳು ಆಡಿಸಲು ಕಲಿಸುವ ಕೆಲಸಕ್ಕೆ ಚಾಕುವಿನಷ್ಟೇ ಬೆಲೆಯಿದೆ ಎಂಬ ತಿಳಿವಳಿಕೆ ವೆಲ್ಲೂರಿನಲ್ಲಿ ಮೊದಲಿಂದಲೂ ಇತ್ತು. ಇಂದಿನ ಒಳ್ಳೆಯ ಫೆಲೋಶಿಪ್‌ಗಳಲ್ಲಿ ಫೆಲೊಗಳನ್ನು ಥೆರಪಿಸ್ಟರ ಪಕ್ಕದಲ್ಲೂ ಕೂರಿಸುತ್ತಾರೆ.

ಫೆಲೋಶಿಪ್ ಎಂಬ ಹೆಸರಿಟ್ಟು ನಿಯಮಿತವಾಗಿ ತರಬೇತಿ ನಡೆಸಿದ ಜಾಗಗಳಲ್ಲಿ ಅಮೆರಿಕದ ಲೂಯಿವಿಲ್ ನಗರ ಮುಖ್ಯ. ಹೆರಾಲ್ಡ್ ಕ್ಲೈನರ್ಟ್ ಅಲ್ಲಿ 1960ರಲ್ಲಿ ಇದನ್ನು ಆರಂಭಿಸಿದರು. ಹಲವು ದೇಶಗಳ ಸಾವಿರಕ್ಕೂ ಹೆಚ್ಚು ಸರ್ಜನ್ನರು ಅಲ್ಲಿ ತರಬೇತಾಗಿದ್ದಾರೆ. ಬೆರಳಿನ ಬುಡದಲ್ಲಿ ಎರಡು ಸ್ನಾಯುರಜ್ಜುಗಳು ಇಕ್ಕಟ್ಟಿನ ಕೊಳವೆಯೊಳಗೆ ಸಾಗುವ ಭಾಗವನ್ನು ಬನೆಲ್ ‘ನೋ ಮ್ಯಾನ್ಸ್ ಲ್ಯಾಂಡ್’ ಎಂದು ಕರೆದಿದ್ದರು. ಅಲ್ಲಿ ರಜ್ಜು ತುಂಡಾದರೆ ಕೂಡಲೇ ಹೊಲಿಯಬೇಡಿ, ಗಾಯ ಮಾಯಲಿ, ಆಮೇಲೆ ಕಸಿ ಮಾಡಿ ಎಂಬುದು ಅವರ ಉಪದೇಶ. ಎರಡು ದಶಕ ಅದು ವೇದವಾಕ್ಯ. ಕೂಡಲೇ ಹೊಲಿದು, ಬೆರಳನ್ನು ಬೇಗನೆ ಆಡಿಸಿದರೆ ಚೆನ್ನಾಗಿಯೇ ಆಗುತ್ತದೆ ಎಂದು ಕ್ಲೈನರ್ಟ್ 1967ರಲ್ಲಿ ಸಂಘದ ಸಭೆಯಲ್ಲಿ ಹೇಳಿದಾಗ ಹಿರಿಯರು ಸುಲಭಕ್ಕೆ ಒಪ್ಪಲಿಲ್ಲ. ಇಂದು ಜಗತ್ತೆಲ್ಲ ಅದನ್ನೇ ಮಾಡುತ್ತದೆ. ಸ್ಥಾಪಕನ ಮಾತನ್ನು ಅವನದೇ ಸಂಘದಲ್ಲಿ ತಿದ್ದಲು ಸಾಧ್ಯವಾಯಿತಲ್ಲ, ಆ ವಿದ್ಯೆಗೆ ಜೀವವಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅದೇ ದಶಕದಲ್ಲಿ ರಕ್ತನಾಳದ ಹೊಲಿಗೆಗೂ ಮೈಕ್ರೋಸ್ಕೋಪು ಬಂತು. 1960ರಲ್ಲಿ ಜೇಕಬ್‌ಸನ್ ಮತ್ತು ಸುವಾರೆಜ್ ಅದರಡಿಯಲ್ಲಿ ಸಣ್ಣ ರಕ್ತನಾಳಗಳನ್ನು ಜೋಡಿಸಿ ತೋರಿಸಿದರು. 1962ರಲ್ಲಿ ಬಾಸ್ಟನ್ನಿನಲ್ಲಿ ರೊನಾಲ್ಡ್ ಮಾಲ್ಟ್ ತಂಡ ಬಾಲಕನೊಬ್ಬನ ಪೂರ್ತಿ ತುಂಡಾದ ತೋಳನ್ನು ಮರುಜೋಡಿಸಿತು, ಮರುವರ್ಷ ಶಾಂಘೈಯಲ್ಲಿ ಚೆನ್ ಝೊಂಗ್‌ವೇಯ್ ಕೈಯನ್ನು ಜೋಡಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ತುಂಡಾದ ಹೆಬ್ಬೆರಳನ್ನೇ ಉಳಿಸಿದರು. ಈ ಕೆಲಸಕ್ಕೆ ಜಾಣ್ಮೆ ಸಾಲದು, ನೂರಾರು ಸಲ ಮಾಡಿ ಪಳಗಿದ ಬೆರಳು ಬೇಕು. ಸಾಮಾನ್ಯ ರೆಸಿಡೆನ್ಸಿಯಲ್ಲಿ ಅಷ್ಟು ಅವಕಾಶ ಸಿಗುವುದಿಲ್ಲ. ಪ್ರತ್ಯೇಕ ವರ್ಷವೊಂದು ಬೇಕೆಂಬ ವಾದಕ್ಕೆ ಇದರಿಂದ ಬಲ ಬಂತು.

ಉಳಿದದ್ದು ಪಾಲಿನ ಜಗಳ. ಕೈ ಆರ್ಥೋಪೆಡಿಕ್ಸಿಗೆ ಸೇರಿದ್ದೋ, ಪ್ಲಾಸ್ಟಿಕ್ ಸರ್ಜರಿಗೋ, ಜನರಲ್ ಸರ್ಜರಿಗೋ? ಅಮೆರಿಕದಲ್ಲಿ ಕೊನೆಗೆ ಮೂರೂ ಮಂಡಳಿಗಳು ಒಟ್ಟಾಗಿ ಒಂದೇ ಪರೀಕ್ಷೆ ಇಡಲು ಒಪ್ಪಿಕೊಂಡವು. ಮೊದಲ ಪರೀಕ್ಷೆ ನಡೆದದ್ದು 1989ರಲ್ಲಿ, ಸಂಘ ಹುಟ್ಟಿ 43 ವರ್ಷಗಳ ಮೇಲೆ. ಅಂದಿನಿಂದ ಯಾವ ಬಾಗಿಲಿನಿಂದ ಬಂದರೂ ಒಂದೇ ಮನೆ.

ಅಲ್ಲಿ ಈ ತರಬೇತಿ ಒಂದು ವರ್ಷದ್ದು, ಹೆಚ್ಚಿನ ಕಡೆ ಆಗಸ್ಟಿನಲ್ಲಿ ಶುರು. ಐದಾರು ವರ್ಷದ ರೆಸಿಡೆನ್ಸಿ ಮುಗಿಯುವ ಮೊದಲೇ ಅರ್ಜಿ ಹಾಕಿ ಸಂದರ್ಶನ ಕೊಡಬೇಕು. ಆಮೇಲೆ ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನೂ ಆಸ್ಪತ್ರೆಗಳು ತಮಗೆ ಬೇಕಾದವರ ಪಟ್ಟಿಯನ್ನೂ ಕ್ರಮವಾಗಿ ಬರೆದು ಕಂಪ್ಯೂಟರಿಗೆ ಒಪ್ಪಿಸುತ್ತವೆ. ಅದು ಹೊಂದಿಸಿದ ಜೋಡಿಯೇ ಅಂತಿಮ, ತಕರಾರಿಲ್ಲ. ಅಮೆರಿಕದ ವೈದ್ಯರ ಈ ಜೋಡಿ ಹೊಂದಿಸುವ ಲೆಕ್ಕವನ್ನು ತಿದ್ದಿ ರೂಪಿಸಿದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಸೇರಿದ ಮೇಲೆ ತಿಂಗಳುಗಳನ್ನು ಗುರುಗಳಿಗೆ ಹಂಚುತ್ತಾರೆ. ಕೆಲವು ತಿಂಗಳು ಅಪಘಾತದ ಕೈ, ಕೆಲವು ತಿಂಗಳು ಮಣಿಕಟ್ಟು, ಇನ್ನು ಕೆಲವು ಹುಟ್ಟಿನಿಂದಲೇ ಬೆರಳು ಕೂಡಿಕೊಂಡ ಮಕ್ಕಳು. ಒಪಿಡಿಯಲ್ಲಿ ಯಾರಿಗೆ ಆಪರೇಷನ್ ಬೇಡ ಎಂದು ಗುರುತಿಸುವುದು ಕಲಿಕೆಯ ದೊಡ್ಡ ಭಾಗ. ವಾರಕ್ಕೊಮ್ಮೆ ಸಭೆ, ಅಲ್ಲಿ ಫೆಲೊ ತನ್ನ ಕೇಸು ಮಂಡಿಸಿ, ಯಾಕೆ ಹೀಗೆ ಮಾಡಿದೆ ಎಂಬ ಹಿರಿಯರ ಪ್ರಶ್ನೆಗೆ ಉತ್ತರಿಸಬೇಕು. ಮಾಡಿದ ಪ್ರತಿ ಆಪರೇಷನ್ನೂ ಲಾಗ್‌ನಲ್ಲಿ ದಾಖಲಾಗುತ್ತದೆ. ಆರು ತಿಂಗಳಿಗೊಮ್ಮೆ ಸಮಿತಿ ಕೂತು ಆತ ಎಲ್ಲಿಗೆ ಮುಟ್ಟಿದ್ದಾನೆಂದು ಅಳೆಯುತ್ತದೆ. ಇದೆಲ್ಲ ಕಾಗದದ ಮೇಲಿನ ಮಾತು. ನಿಜವಾದ ಪರೀಕ್ಷೆ, ಗುರುಗಳು ಕೈಗವಸು ಬಿಚ್ಚಿ ಪಕ್ಕದ ಸ್ಟೂಲಿನಲ್ಲಿ ಕೂತ ದಿನ. ಶಿಷ್ಯನ ಕೈಗೆ ಚಾಕು ಯಾವಾಗ ಕೊಡಬೇಕೆಂಬುದನ್ನು ಯಾವ ನಿಯಮಾವಳಿಯೂ ಇವತ್ತಿಗೂ ಸರಿಯಾಗಿ ಬರೆದಿಟ್ಟಿಲ್ಲ.

ಭಾರತದಲ್ಲಿ ಚೆನ್ನೈನ ಸ್ಟಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಆರ್. ವೆಂಕಟಸ್ವಾಮಿ ಕೈ ಶಸ್ತ್ರಚಿಕಿತ್ಸೆಯ ದೊಡ್ಡ ಶಾಲೆಯನ್ನೇ ಕಟ್ಟಿದರು. ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ಇಂದು ಹೊರದೇಶದವರೂ ಕಲಿಯಲು ಬರುತ್ತಾರೆ. ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಸುಬ್ರಮಣಿಯ ಅಯ್ಯರ್ ಅವರ ತಂಡ 2015ರಲ್ಲಿ ದೇಶದ ಮೊದಲ ಕೈ ಕಸಿ ಮಾಡಿತು. ನಮ್ಮ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಕೈ ಶಸ್ತ್ರಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಎಫ್‌ಎನ್‌ಬಿ ಎಂಬ ಫೆಲೋಶಿಪ್ ಪದವಿಗಳಲ್ಲಿ ಹ್ಯಾಂಡ್ ಅಂಡ್ ಮೈಕ್ರೋಸರ್ಜರಿಯೂ ಒಂದು. ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ, ಎರಡು ವರ್ಷದ ತರಬೇತಿ, ಲಾಗ್‌ಬುಕ್, ಕೊನೆಗೆ ನಿರ್ಗಮನ ಪರೀಕ್ಷೆ.

ಇದರ ಜೊತೆಗೆ ಸಂಘಸಂಸ್ಥೆಗಳು, ಖಾಸಗಿ ಆಸ್ಪತ್ರೆಗಳು ತಾವೇ ಕೊಡುವ ಫೆಲೋಶಿಪ್‌ಗಳೂ ಹೇರಳ. ಕೆಲವು ನಿಜಕ್ಕೂ ಒಳ್ಳೆಯವು. ಇನ್ನು ಕೆಲವು ಕೆಲವೇ ವಾರಗಳಲ್ಲಿ ಮುಗಿದು, ಗೋಡೆಗೆ ನೇತುಹಾಕಲು ಒಂದು ಚೌಕಟ್ಟು ಕೊಡುತ್ತವೆ. ಸೇನಾ ವಾರ್ಡು, ಕುಷ್ಠಾಶ್ರಮ, ಕಾರ್ಖಾನೆ ನಗರ, ಈ ವಿದ್ಯೆ ಬೆಳೆದದ್ದೆಲ್ಲ ರೋಗಿಗಳು ಸಾಲುಗಟ್ಟಿ ಬಂದ ಕಡೆ. ಕೇಸುಗಳಿಲ್ಲದ ಕಡೆ, ಚಾಕು ಹಿಡಿಯಲು ಬಿಡದ ಕಡೆ ಫೆಲೋಶಿಪ್ ಎಂಬುದು ಕಡಿಮೆ ಸಂಬಳದ ಕೆಲಸಕ್ಕಿಟ್ಟ ದೊಡ್ಡ ಹೆಸರು ಅಷ್ಟೇ. ಸೇರುವ ಮೊದಲು ಯುವ ಸರ್ಜನ್ನರು ಹಿಂದಿನ ವರ್ಷದ ಫೆಲೊಗಳ ಲಾಗ್‌ಬುಕ್ ತೋರಿಸಿ ಎಂದು ಕೇಳಬೇಕು. ತೋರಿಸಲು ಹಿಂಜರಿದರೆ ಅಲ್ಲಿಗೆ ಹೋಗದಿರುವುದೇ ಲೇಸು.

ನಮ್ಮಲ್ಲಿ ಕೇಸುಗಳಿಗೆ ಬರವಿಲ್ಲ. ಮಂಡ್ಯದ ಆಲೆಮನೆಯ ಗಾಣ, ಪೀಣ್ಯದ ಪವರ್ ಪ್ರೆಸ್, ಹಳ್ಳಿಹಳ್ಳಿಯ ಮೇವು ಕತ್ತರಿಸುವ ಯಂತ್ರ, ಎಲ್ಲವೂ ಬೆರಳು ತಿನ್ನುತ್ತವೆ. ತುಂಡಾದ ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೋ ನೀರಿನಲ್ಲೋ ಹಾಕಿಕೊಂಡು ಬಂದರೆ ಅಂಗಾಂಶ ಕೆಡುತ್ತದೆ, ಪಳಗಿದ ಸರ್ಜನ್ ಇದ್ದೂ ಪ್ರಯೋಜನವಿಲ್ಲ. ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು ಕೈಯನ್ನು ಎತ್ತರಿಸಿ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ, ಬೆರಳು ಮರುಜೋಡಿಸುವವರು ಇದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ತಂಪಾಗಿಟ್ಟ ಬೆರಳಿಗೆ ಕೆಲವು ಗಂಟೆ ಹೆಚ್ಚು ಸಿಗುತ್ತದೆ. ಮಾಂಸಖಂಡ ಹೆಚ್ಚಿರುವ ಕೈ, ತೋಳು ತುಂಡಾದರೆ ಆರು ಗಂಟೆಯೊಳಗೆ ರಕ್ತ ಹರಿಯಬೇಕು.