ಕುಲಗೋತ್ರವಿಲ್ಲದ ಡಾರ್ಡ್

ನಾನು ಓದಿದ ಕಾಲೇಜಿನ ಗ್ರಂಥಾಲಯದಲ್ಲಿ ನಿಘಂಟಿಗೆಂದೇ ಒಂದು ಮರದ ಪೀಠವಿತ್ತು. ವೆಬ್‌ಸ್ಟರ್ಸ್ ನ್ಯೂ ಇಂಟರ್‌ನ್ಯಾಷನಲ್‌ನ ಎರಡನೇ ಆವೃತ್ತಿ ಅದರ ಮೇಲೆ ಪವಡಿಸಿರುತ್ತಿತ್ತು. ಮನೆಗೊಯ್ಯುವ ಪುಸ್ತಕವಲ್ಲ ಅದು, ಹತ್ತಿರ ಹೋಗಿ ದರ್ಶನ ಪಡೆಯಬೇಕು. ಮೂರು ಸಾವಿರ ಪುಟ ದಾಟಿದ ಆ ಗ್ರಂಥದಲ್ಲಿ ಇದ್ದರೆ ಅದು ಪದ, ಇಲ್ಲದಿದ್ದರೆ ಅಪಶಬ್ದ. ನಮ್ಮ ಇಂಗ್ಲಿಷ್ ಮೇಷ್ಟ್ರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

1934ರಲ್ಲಿ ಅದು ಹೊರಬಂದಾಗ 771ನೇ ಪುಟದಲ್ಲಿ ‘ಡಾರ್ಡ್’ ಎಂಬ ಪದವಿತ್ತು. ನಾಮಪದ. ಭೌತ ಮತ್ತು ರಸಾಯನ ವಿಜ್ಞಾನದ್ದು. ಅರ್ಥ: ಸಾಂದ್ರತೆ. ಹೀಗೆ ಉಚ್ಚರಿಸಿ ಎಂಬ ಸೂಚನೆಯೂ ಇತ್ತು. ಇಷ್ಟೆಲ್ಲ ಇದ್ದ ಆ ಪದವನ್ನು ಇಂಗ್ಲಿಷ್ ಆಡುವ ಯಾರೂ ಅಲ್ಲಿಯವರೆಗೆ ಆಡಿರಲಿಲ್ಲ, ಬರೆದಿರಲಿಲ್ಲ.

ಅಚ್ಚಿನಲ್ಲಿ ಏನು ತಪ್ಪಿದರೂ ಮುದ್ರಾರಾಕ್ಷಸನ ತಲೆಗೆ ಕಟ್ಟುವುದು ನಮ್ಮ ರೂಢಿ. ಇಲ್ಲಿ ಪಾಪ, ಅವನದೇನೂ ತಪ್ಪಿಲ್ಲ. ಎಡವಟ್ಟಾದದ್ದು ಅಚ್ಚಿಗೆ ಹೋಗುವ ಎಷ್ಟೋ ಮುಂಚೆ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಮೆರಿಯಂ ಕಂಪನಿಯ ಕಚೇರಿಯಲ್ಲಿ. ರಸಾಯನ ವಿಜ್ಞಾನದ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ 1931ರ ಜುಲೈ 31ರಂದು ಒಂದು ಚೀಟಿ ಕಳಿಸಿದ. ದೊಡ್ಡ ಡಿ ಅಥವಾ ಚಿಕ್ಕ ಡಿ, ಎರಡೂ ಸಾಂದ್ರತೆಗೆ ಸಂಕ್ಷೇಪಾಕ್ಷರ. ಪಟ್ಟಿಗೆ ಇದನ್ನೂ ಸೇರಿಸಿ ಎಂಬುದಷ್ಟೇ ಅದರ ಒಕ್ಕಣೆ. ಹಿಂದಿನ ಆವೃತ್ತಿಯಲ್ಲಿ ಪದಗಳೂ ಸಂಕ್ಷೇಪಗಳೂ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಈ ಸಲ ಸಂಕ್ಷೇಪಗಳಿಗೆ ಬೇರೆ ಪಂಕ್ತಿ ಹಾಕಿದ್ದರು. ಚೀಟಿ ಮಾತ್ರ ಪಂಕ್ತಿ ತಪ್ಪಿ ಪದಗಳ ಕಟ್ಟಿನಲ್ಲಿ ಕೂತಿತು.

‘ಅಥವಾ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಓ, ಆರ್ ಎಂಬ ಎರಡೇ ಅಕ್ಷರ ಸಾಕು. ಆಚೆಗೊಂದು ಡಿ, ಈಚೆಗೊಂದು ಡಿ. ಆ ಕಚೇರಿಯಲ್ಲಿ ಮುಖ್ಯ ಪದಗಳನ್ನು ಅಕ್ಷರಗಳ ನಡುವೆ ಜಾಗ ಬಿಟ್ಟು ಟೈಪ್ ಮಾಡುವ ಪದ್ಧತಿ ಬೇರೆ. ನಾಲ್ಕು ಅಕ್ಷರ ಕೂಡಿಕೊಂಡು ಒಂದು ಪದವಾಯಿತು! ನಮ್ಮ ಓಲೆಗರಿಗಳ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಪದಗಳ ನಡುವೆ ಜಾಗವೇ ಇಲ್ಲ, ಎಲ್ಲಿ ಒಡೆದು ಓದಬೇಕು ಎಂಬುದಕ್ಕೇ ಪಂಡಿತರ ಜಗಳ.

ಇಂಥ ಪದಗಳಿಗೆ ‘ದೆವ್ವದ ಪದ’ ಎಂಬರ್ಥದ ಹೆಸರಿಟ್ಟವನು ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ವಾಲ್ಟರ್ ಸ್ಕೀಟ್, 1886ರಲ್ಲಿ. ಅವನು ಹಿಡಿದು ತೋರಿಸಿದ ದೆವ್ವಗಳಲ್ಲಿ ಒಂದು ನಮ್ಮ ದೇಶಕ್ಕೇ ಅಂಟಿಕೊಂಡಿತ್ತು. 1808ರ ಎಡಿನ್‌ಬರೋ ರಿವ್ಯೂ ಪತ್ರಿಕೆ ಹಿಂದೂಗಳ ಘೋರ ಆಚರಣೆಗಳನ್ನು ವರ್ಣಿಸುತ್ತಾ, ಕೆಲವರು ಕೊಕ್ಕೆಗೆ ಸಿಕ್ಕಿಸಿಕೊಂಡು ತೂಗುತ್ತಾರೆ, ಕೆಲವರು ಕೈಗೆ ‘ಕೈಮ್ಸ್’ ಚುಚ್ಚಿಕೊಳ್ಳುತ್ತಾರೆ ಎಂದು ಅಚ್ಚು ಹಾಕಿತ್ತು. ಕೊಕ್ಕೆಯೇನೋ ನಮ್ಮ ಸಿಡಿ. ಈ ಕೈಮ್ಸ್ ಯಾವ ಆಯುಧ? ಏನಿಲ್ಲ, ‘ನೈವ್ಸ್’ ಹಾಗಾಗಿತ್ತು. ಬರೀ ಚಾಕು.

ಇನ್ನೊಂದರದು ದೊಡ್ಡ ರಂಪ. ವಾಲ್ಟರ್ ಸ್ಕಾಟನ ‘ದಿ ಮೊನಾಸ್ಟರಿ’ ಕಾದಂಬರಿಯಲ್ಲಿ ಒಂದು ಪಾತ್ರ ಕೊಲೆಯ ಯೋಚನೆಯನ್ನು ‘ಮಾರ್ಸ್’ ಮಾಡುತ್ತದೆ. ಹಾಗೆಂದರೇನು? ಬಂದೂಕಿಗೆ ಕಿವಿಮದ್ದು ತುಂಬಿದ ಹಾಗೆ ಎಂದು ಒಬ್ಬ ವಿದ್ವಾಂಸ ಫ್ರೆಂಚ್ ಮೂಲ ಹುಡುಕಿ ತಂದ. ಅಲ್ಲ, ಲ್ಯಾಟಿನ್ನಿನಲ್ಲಿ ಕಚ್ಚುವುದು ಎಂಬರ್ಥವಿದೆ, ಒಳಗೇ ಕಚ್ಚುವ ಯೋಚನೆ ಅದು ಎಂದು ಇನ್ನೊಬ್ಬ. ಐವತ್ತು ವರ್ಷ ಲಕ್ಷಾಂತರ ಜನ ಓದಿದ ಪದ ಅಚ್ಚಿನ ತಪ್ಪಾಗಿರಲು ಸಾಧ್ಯವೇ ಎಂದೂ ವಾದಿಸಿದ. ಕೊನೆಗೆ ಸ್ಕಾಟನ ಹಸ್ತಪ್ರತಿ ತೆಗೆದು ನೋಡಿದರೆ ‘ನರ್ಸ್’ ಎಂದಿತ್ತು. ಯೋಚನೆಯನ್ನು ಪೋಷಿಸುವುದು, ಅಷ್ಟೇ. ವ್ಯುತ್ಪತ್ತಿ ಬೇಕೆಂದು ಹೊರಟವರಿಗೆ ಯಾವುದಕ್ಕಾದರೂ ಒಂದು ಸಿಕ್ಕೇ ಸಿಗುತ್ತದೆ ಎಂಬ ನನ್ನ ಬಹುಕಾಲದ ಅನುಮಾನ ಗಟ್ಟಿಯಾದದ್ದು ಇದನ್ನು ಓದಿದ ಮೇಲೆ.

ಡಾರ್ಡ್‌ಗೆ ಆ ಭಾಗ್ಯವೂ ಇರಲಿಲ್ಲ. ಸಿಕ್ಕಿಬಿದ್ದದ್ದೂ ಅದರಿಂದಲೇ. 1939ರ ಫೆಬ್ರುವರಿ 28ರಂದು ಸಂಪಾದಕರೊಬ್ಬರು ಪುಟ ತಿರುವುವಾಗ ಈ ಪದಕ್ಕೆ ಮೂಲವನ್ನೇ ಕೊಟ್ಟಿಲ್ಲವಲ್ಲ ಎಂದು ತಡೆದರು. ಲ್ಯಾಟಿನ್ ಇಲ್ಲ, ಗ್ರೀಕ್ ಇಲ್ಲ, ಕುಲಗೋತ್ರವೇ ಇಲ್ಲ. ಕಡತ ಜಾಲಾಡಿದಾಗ ಪ್ಯಾಟರ್ಸನ್ನನ ಚೀಟಿ ಸಿಕ್ಕಿತು. ಎಂಟು ವರ್ಷದ ಹಿಂದಿನ ಚೀಟಿ, ತಾರೀಖಿನ ಸಮೇತ! ಈಗ ಪರದೆಯ ಮೇಲಿನ ನಿಘಂಟಿನಲ್ಲಿ ನಿನ್ನೆ ಇದ್ದ ತಪ್ಪು ಇವತ್ತು ಇರುವುದಿಲ್ಲ. ಇತ್ತು ಎಂದರೂ ಯಾರೂ ನಂಬುವುದಿಲ್ಲ. ತಪ್ಪಿಗೆ ಒಂದು ಚೀಟಿಯ ಗುರುತೂ ಉಳಿಯದ ಈ ಸೊಗಸು ನನಗಂತೂ ಸೇರುವುದಿಲ್ಲ.

ಪದ ತೆಗೆಯಲು ತುರ್ತು ಆದೇಶವಾಯಿತು. 1940ರಿಂದ ಡಾರ್ಡ್ ಇಲ್ಲದ ಪ್ರತಿಗಳು ಬರತೊಡಗಿದವು. ಪೂರ್ತಿ ತೊಲಗಿದ್ದು 1947ಕ್ಕೆ. ಈ ಕಥೆಯನ್ನೆಲ್ಲ 1954ರಲ್ಲಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಬರೆದವರು ಅದೇ ಸಂಸ್ಥೆಯ ಫಿಲಿಪ್ ಗೋವ್. ಸಾಂದ್ರತೆಗೆ ಡಾರ್ಡ್ ಅಂದರೆ ತಪ್ಪೇನಿತ್ತು ಎಂದು ಅವರೂ ಒಂದಿಷ್ಟು ಮರುಗಿದ್ದಾರೆ.

ಅಚ್ಚಿನ ಫಲಕದಿಂದ ಒಂದು ಪದ ಕಿತ್ತರೆ ಅಷ್ಟು ಜಾಗ ಬಾಯಿ ತೆರೆದು ಕೂರುತ್ತದೆ. ಅದನ್ನು ಮುಚ್ಚಲು ಪಕ್ಕದ ‘ಡೋರೆ ಕುಲುಮೆ’ಯ ವಿವರಣೆಯನ್ನು ಎಳೆದರು. ಚಿನ್ನ ಬೆಳ್ಳಿ ಬೆರೆತ ಗಟ್ಟಿಯನ್ನು ಶುದ್ಧಿಮಾಡುವ ಕುಲುಮೆ ಎಂದಿದ್ದದ್ದು, ಅಂಥ ಗಟ್ಟಿಯನ್ನು ಯಾವುದರಲ್ಲಿ ಶುದ್ಧಿಮಾಡಲಾಗುತ್ತದೆಯೋ ಆ ಕುಲುಮೆ ಎಂದಾಯಿತು.

ಮೊನ್ನೆ ಹಳೆಯ ಕಾಲೇಜಿಗೆ ಹೋದಾಗ ಪೀಠ ಇರಲಿಲ್ಲ. ವೆಬ್‌ಸ್ಟರ್ ಬೀರುವಿನ ತಳದಲ್ಲಿ ಬೆನ್ನು ಹರಿದುಕೊಂಡು ಬಿದ್ದಿತ್ತು. ನೆಲದ ಮೇಲೆ ಕೂತು 771ನೇ ಪುಟ ತೆಗೆದೆ. ಡಾರ್ಡ್ ಇರಲಿಲ್ಲ; ನಮ್ಮದು ತಿದ್ದಿದ ಪ್ರತಿ. ಕುಲುಮೆಯ ವಾಕ್ಯ ಮಾತ್ರ ಎಳೆದದ್ದು ಎಳೆದ ಹಾಗೇ ಇತ್ತು.