ಸಿಹಿನೀರೆಲ್ಲ ಒಳ್ಳೆಯ ನೀರೇ?

ತುಮಕೂರು ಜಿಲ್ಲೆಯ ಪಾವಗಡದ ಸೀಮೆಯಲ್ಲಿ ಕೊಳವೆಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಅದು ಬಹುವೇಳೆ ಸ್ಫಟಿಕದಂತೆ ತಿಳಿಯಾಗಿರುತ್ತದೆ. ರುಚಿಯಲ್ಲಿಯೂ ದೋಷ ಕಾಣದು. ಆದರೂ ಅಲ್ಲಿನ ಅನೇಕ ಹಳ್ಳಿಗಳಲ್ಲಿ ಇಂಥ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡಿವೆ. ಕೆಲವರ ಕೀಲುಗಳು ಪೆಡಸಾಗಿವೆ. ಕಣ್ಣಿಗೂ ನಾಲಗೆಗೂ ಸಿಕ್ಕದ ಈ ದೋಷಕ್ಕೆ ಕಾರಣ ಫ್ಲೋರೈಡ್.

ಮಳೆ ವಿರಳವಾದ ನಾಡಿನಲ್ಲಿ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಬಿಸಿಲು ನೆಲದ ತೇವವನ್ನು ಒಯ್ದು ಲವಣವನ್ನು ಉಳಿಸುತ್ತದೆ. ಅದನ್ನು ತೊಳೆದೊಯ್ಯುವಷ್ಟು ಮಳೆ ಬಾರದು.

ಕರಗಿರುವ ಲವಣದ ಮೊತ್ತವನ್ನು ಅರಿಯಲು ಭೌತವಿಜ್ಞಾನವು ಸುಲಭವಾದ ಉಪಾಯವೊಂದನ್ನು ಒದಗಿಸಿದೆ. ಶುದ್ಧ ಜಲವು ವಿದ್ಯುತ್ತಿನ ದುರ್ಬಲ ವಾಹಕ. ಲವಣವು ಅಯಾನುಗಳಾಗಿ ಒಡೆದಷ್ಟೂ ವಾಹಕತೆ ಹೆಚ್ಚುತ್ತದೆ. ಒಂದು ಸೆಂಟಿಮೀಟರಿಗೆ ಇಷ್ಟು ಮೈಕ್ರೋಸೀಮೆನ್ಸ್ ಎಂದು ಅಳೆದು, ಆ ಸಂಖ್ಯೆಯನ್ನು ಸುಮಾರು 0.65ರಿಂದ ಗುಣಿಸಿದರೆ ಲೀಟರಿನಲ್ಲಿರುವ ಲವಣವು ಮಿಲಿಗ್ರಾಂಗಳಲ್ಲಿ ದೊರೆಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು 500ನ್ನು ಮೀರಬಾರದು. ಬೇರೆ ಜಲಮೂಲವೇ ಇಲ್ಲದೆಡೆ 2000ದವರೆಗೆ ಒಪ್ಪಬಹುದು.

ಆದರೆ ಈ ಮಾಪಕವು 'ಎಷ್ಟು' ಎಂಬುದನ್ನು ಹೇಳುವುದೇ ಹೊರತು 'ಯಾವುದು' ಎಂಬುದನ್ನು ಹೇಳದು. ಫ್ಲೋರೈಡಿನ ಪರಮಾವಧಿ ಲೀಟರಿಗೆ 1.5 ಮಿಲಿಗ್ರಾಂ. ಸಾವಿರ ಮಿಲಿಗ್ರಾಂ ಲವಣದ ನಡುವೆ ಅಷ್ಟನ್ನು ಮುಳ್ಳಿನ ಚಲನೆಯಿಂದ ಗುರುತಿಸುವುದು ಅಸಾಧ್ಯ. ರಾಸಾಯನಿಕ ಪರೀಕ್ಷೆಯೇ ಆಗಬೇಕು. ಕುದಿಸಿದರೆ ಹೋದೀತೆಂದು ಕೆಲವರು ಭಾವಿಸುತ್ತಾರೆ. ಕುದಿದಾಗ ಹೋಗುವುದು ನೀರು. ಫ್ಲೋರೈಡ್ ಅಲ್ಲಿಯೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ.

ಹೊಲದ ಪ್ರಶ್ನೆ ಬೇರೆ. ಅಲ್ಲಿ ಲವಣದ ಮೊತ್ತದೊಡನೆ ಸೋಡಿಯಮ್ಮಿನ ಪಾಲನ್ನೂ ನೋಡಬೇಕು. ಕ್ಯಾಲಿಫೋರ್ನಿಯದ ರಿವರ್‌ಸೈಡಿನ ಲವಣತಾ ಪ್ರಯೋಗಶಾಲೆಯ 1954ರ ಕೈಪಿಡಿಯು ಇದಕ್ಕೊಂದು ಅನುಪಾತವನ್ನು ಕೊಟ್ಟಿತು: ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಮ್ಮುಗಳ ಮೊತ್ತದ ಅರ್ಧಕ್ಕೆ ವರ್ಗಮೂಲವನ್ನು ತೆಗೆದು, ಅದರಿಂದ ಸೋಡಿಯಮ್ಮನ್ನು ಭಾಗಿಸಬೇಕು, ಎಲ್ಲವೂ ಮಿಲಿ ಇಕ್ವಿವಲೆಂಟುಗಳಲ್ಲಿ. ಎರಡು ಬಾವಿಗಳಲ್ಲಿ ಸೋಡಿಯಂ ತಲಾ 10 ಇದೆಯೆನ್ನಿ. ಮೊದಲನೆಯದರಲ್ಲಿ ಉಳಿದೆರಡರ ಮೊತ್ತ 2, ಎರಡನೆಯದರಲ್ಲಿ 8. ಅನುಪಾತಗಳು ಕ್ರಮವಾಗಿ 10 ಮತ್ತು 5. ಲವಣ ಕಡಿಮೆಯಿರುವ ಮೊದಲನೆಯ ಬಾವಿಯೇ ಮಣ್ಣಿಗೆ ಹೆಚ್ಚು ಅಪಾಯಕರ! ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚುತ್ತದೆ. ನೀರು ಇಳಿಯದೆ ಮೇಲೆಯೇ ನಿಲ್ಲುತ್ತದೆ. ಸಾಬೂನು ಚೆನ್ನಾಗಿ ನೊರೆಯಾಗುವುದೆಂದು ಮನೆಯವರು ಮೆಚ್ಚುವ ಮೃದುಜಲವೂ ಸಾಮಾನ್ಯವಾಗಿ ಇದೇ.

ಇವೆರಡು ದೋಷಗಳಿಗೆ ನಂಟೂ ಉಂಟು. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಅತ್ಯಲ್ಪವಾಗಿ ಕರಗುವುದರಿಂದ, ಕ್ಯಾಲ್ಸಿಯಂ ಸಮೃದ್ಧವಾಗಿರುವಲ್ಲಿ ಫ್ಲೋರೈಡ್ ಹೆಚ್ಚಲಾರದು. ಅದು ಕ್ಷೀಣಿಸಿ ಸೋಡಿಯಂ ಬೈಕಾರ್ಬೊನೇಟ್ ಮೇಲಾದ ನೀರಿನಲ್ಲಿ ಏರುತ್ತದೆ. ಹೊಲಕ್ಕೆ ಜಿಪ್ಸಂ ಹಾಕಿ ಮಣ್ಣನ್ನು ಸುಧಾರಿಸಬಹುದು. ಕುಡಿಯುವ ನೀರಿಗಾದರೋ ಪಟುಗೊಳಿಸಿದ ಅಲ್ಯೂಮಿನದ ಶೋಧಕ ಅಥವಾ ವಿಪರ್ಯಯ ಪರಾಸರಣದ ಯಂತ್ರ ಬೇಕು. ಆ ಯಂತ್ರವು ಹೊರಹಾಕುವ ಲವಣಭರಿತ ನೀರನ್ನು ಬಾವಿಯ ಬಳಿಯಲ್ಲಿಯೇ ಹರಿಯಬಿಟ್ಟರೆ, ತೆಗೆದ ಫ್ಲೋರೈಡ್ ಅದೇ ನೆಲಕ್ಕೆ ಮರಳುತ್ತದೆ.