ಬರೆದಾಯಿತು ಎಂದಾಕ್ಷಣ ಬರೆದಂತಲ್ಲ

ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಮಷೀನ್ ಶಾಪ್‌ಗಳಲ್ಲಿ ಸಿಎನ್‌ಸಿ ಯಂತ್ರ ನಡೆಯುವುದು ಅಕ್ಷರ, ಅಂಕಿಗಳ ಸಾಲುಗಳನ್ನು ಓದಿಕೊಂಡು. ‘ಎಕ್ಸ್ 45.250’ ಎಂದರೆ ಟೂಲ್ 45.250 ಮಿಲಿಮೀಟರ್ ಗುರುತಿಗೆ ಹೋಗಬೇಕು. ಫೈಲಿಗೆ ಬರೆಯುವಾಗ ಈ ಸಾಲು 45ರ ಬಳಿ ತುಂಡಾಯಿತೆನ್ನಿ. ಉಳಿದದ್ದೂ ಅಂಕಿಯೇ. ದಶಮಾಂಶ ಚುಕ್ಕಿಯಿಲ್ಲದ ಅಂಕಿಯನ್ನು ಮೈಕ್ರಾನ್ ಎಂದು ಓದುವ ಕಂಟ್ರೋಲರ್‌ಗಳಿವೆ. ಅಲ್ಲಿ 45 ಎಂದರೆ 0.045 ಮಿಲಿಮೀಟರ್. ಸಾಲು ಅರ್ಥವಾಗದಿದ್ದರೆ ಯಂತ್ರ ಅಲಾರಂ ಕೊಟ್ಟು ನಿಂತೀತು. ತಪ್ಪಾಗಿ ಅರ್ಥವಾದರೆ ಜಾಬ್ ಕೆಟ್ಟೀತು, ಟೂಲ್ ಮುರಿದೀತು.

ಬರಹ ತುಂಡಾಗುವುದು ಹೇಗೆ? ಲಿನಕ್ಸ್‌ನಲ್ಲಿ ತಂತ್ರಾಂಶವೊಂದು ‘ರೈಟ್’ ಎಂಬ ಕರೆಗೆ 10,000 ಬೈಟ್ ಒಪ್ಪಿಸಿದರೆ, ‘6,000 ತೆಗೆದುಕೊಂಡೆ’ ಎಂಬ ಉತ್ತರ ಬರಬಹುದು. ಇದು ದೋಷವಲ್ಲ, ನಿಯಮದಲ್ಲೇ ಇರುವ ಮಾತು. ಡಿಸ್ಕ್ ತುಂಬುತ್ತ ಬಂದಿರಬಹುದು, ಸೀರಿಯಲ್ ಕೇಬಲ್ಲಿನ ಆಚೆ ತುದಿ ನಿಧಾನವಿರಬಹುದು. ಉಳಿದ 4,000 ಬೈಟ್‌ಗಳನ್ನು ಮತ್ತೆ ಒಪ್ಪಿಸುವ ಹೊಣೆ ತಂತ್ರಾಂಶದ್ದು. ಉತ್ತರ ನೋಡದೆ ಮುಂದಿನ ಕಂತು ಕಳಿಸಿದರೆ ನಡುವಿನ ಭಾಗವೇ ಮಾಯ. ಪ್ರೋಗ್ರಾಂ ಮುಗಿಯಿತೆಂದು ಕಡತದ ಕೊನೆಯಲ್ಲಿ ಹಾಕುವ ಶೇಕಡಾ (%) ಗುರುತು ಮಾತ್ರ ಸರಿಯಾಗಿಯೇ ಇರಬಹುದು. ಅದೊಂದನ್ನು ನೋಡಿ ಪ್ರೋಗ್ರಾಂ ಪೂರ್ತಿ ಬಂದಿದೆ ಎಂದು ನಂಬುವಂತಿಲ್ಲ.

ಬಫರ್ ಇದ್ದರೆ ಕಥೆ ಬೇರೆ. ಸಿ ಭಾಷೆಯ ‘ಎಫ್‌ರೈಟ್’ ಬೈಟ್‌ಗಳನ್ನು ಮೊದಲು ಮೆಮೊರಿಯಲ್ಲಿ ಕೂಡಿಡುತ್ತದೆ, ತುಂಬಿದಾಗ ಹೊರಗೆ ಕಳಿಸುತ್ತದೆ. ಸಣ್ಣ ಸಣ್ಣ ಬರಹಗಳಿಗೆ ಇದರಿಂದ ವೇಗ ಬರುತ್ತದೆ. ಅರ್ಧ ಉಳಿದದ್ದನ್ನು ಮತ್ತೆ ಕಳಿಸುವ ಕೆಲಸವನ್ನೂ ಲೈಬ್ರರಿಯೇ ನೋಡಿಕೊಳ್ಳುತ್ತದೆ. ಆದರೆ ಅದು ‘ಆಯಿತು’ ಎಂದಾಗ ಡಿಸ್ಕಿಗೆ ಒಂದು ಬೈಟೂ ಹೋಗಿರಲಿಕ್ಕಿಲ್ಲ. ಜಾಗವಿಲ್ಲವೆಂಬ ಸಂಗತಿ ಕೊನೆಗೆ ‘ಎಫ್‌ಫ್ಲಶ್’ ಅಥವಾ ‘ಎಫ್‌ಕ್ಲೋಸ್’ ಹೊತ್ತಿಗೆ ಬಯಲಾಗುತ್ತದೆ. ಅವೆರಡರ ಉತ್ತರವನ್ನು ನೋಡದೆ ಬಿಡುವುದು ಸಾಮಾನ್ಯ ತಪ್ಪು, ನನ್ನ ಮಟ್ಟಿಗೆ ದೊಡ್ಡ ತಪ್ಪು.

ಕರೆಂಟು ಹೋದರೂ ಕಡತ ಉಳಿಯಬೇಕೆಂದರೆ ಇನ್ನೊಂದು ಹೆಜ್ಜೆ ಬೇಕು. ‘ರೈಟ್’ ಮುಗಿದ ಮೇಲೂ ಬೈಟ್‌ಗಳು ಕರ್ನೆಲ್‌ನ ಮೆಮೊರಿಯಲ್ಲಿ ಕಾಯುತ್ತಿರಬಹುದು. ಅವನ್ನು ಡಿಸ್ಕಿಗೆ ಇಳಿಸುವುದು ‘ಎಫ್‌ಸಿಂಕ್’. ಹೊಸ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ‘ಎಫ್‌ಸಿಂಕ್’ ಮಾಡಿ, ಆಮೇಲೆ ನಿಜವಾದ ಹೆಸರು ಕೊಟ್ಟರೆ ಯಂತ್ರದ ಕೈಗೆ ಅರ್ಧ ಪ್ರೋಗ್ರಾಂ ಸಿಗುವುದಿಲ್ಲ.

ಪರೀಕ್ಷೆಗೆ ಲಿನಕ್ಸ್‌ನಲ್ಲೇ ಒಂದು ಸಾಧನವಿದೆ: ‘ಡೆವ್’ ಫೋಲ್ಡರಿನಲ್ಲಿರುವ ‘ಫುಲ್’. ಅದಕ್ಕೆ ಏನು ಬರೆದರೂ ಡಿಸ್ಕ್ ತುಂಬಿದೆ ಎಂಬ ಉತ್ತರವೇ ಬರುತ್ತದೆ. ನೀವು ಬರೆದ ತಂತ್ರಾಂಶದ ಔಟ್‌ಪುಟ್ಟನ್ನು ಒಮ್ಮೆ ಅತ್ತ ತಿರುಗಿಸಿ ನೋಡಿ. ಆಗಲೂ ಅದು ತಕರಾರಿಲ್ಲದೆ ‘ಯಶಸ್ವಿ’ ಎಂದರೆ, ಮೊದಲು ಅದನ್ನು ತಿದ್ದಿ.